ಓದುಗರನ್ನು ಸೃಷ್ಟಿಸಿದ ಗುರು: ಗಳಗನಾಥರು

ಕವಿಯಿಲ್ಲದೆ ಕಾವ್ಯವಿಲ್ಲವೆಂಬುದು ಸರ್ವವಿದಿತವಾದ ಸಂಗತಿ. ಸಹೃದಯನಿಲ್ಲದೆಯೂ ಕಾವ್ಯವಿಲ್ಲವೆಂಬ ತತ್ತ್ವವನ್ನು ಪ್ರಾಚೀನ ಆಲಂಕಾರಿಕರು ಅಷ್ಟೇ ದೃಢವಾಗಿ ಪ್ರತಿಪಾದಿಸಿದ್ದಾರೆ. ಬರೆಯುವ ಕೈಯೊಂದು, ಓದಿ ಕರಗುವ ಹೃದಯವೊಂದು, ಇವೆರಡೂ ಕೂಡಿದಾಗಲೇ ಸರಸ್ವತಿಯ ಸ್ವರೂಪ ಪೂರ್ಣವಾಗುತ್ತದೆ. ಸಾಹಿತ್ಯಚರಿತ್ರೆಗಳಲ್ಲಿ ಗ್ರಂಥಕರ್ತರ ಹೆಸರುಗಳು ದೊರೆಯುತ್ತವೆ. ಓದುಗರನ್ನು ನಿರ್ಮಿಸಿದವರ ಹೆಸರುಗಳು ದೊರೆಯುವುದು ಅಪರೂಪ. ತಾವೇ ಬರೆದು, ತಾವೇ ಪ್ರಕಟಿಸಿ, ತಾವೇ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು, ಊರೂರು ತಿರುಗಿ ಕನ್ನಡಿಗರ ಕೈಯಲ್ಲಿ ಕಾದಂಬರಿಯನ್ನಿಟ್ಟು ಓದಿನ ರುಚಿ ಹತ್ತಿಸಿದ ಮಹನೀಯರೊಬ್ಬರಿದ್ದರು. ಅವರೇ ಗಳಗನಾಥರೆಂದು ಪ್ರಸಿದ್ಧರಾದ ಶ್ರೀ ವೆಂಕಟೇಶ ತಿರಕೋ ಕುಲಕರ್ಣಿಯವರು.

ಗಳಗನಾಥರು 1869ರಲ್ಲಿ ಹಾವೇರಿಯಲ್ಲಿ ಜನಿಸಿದರು. ಆಗ ಹಾವೇರಿಯು ಮುಂಬಯಿ ಆಧಿಪತ್ಯಕ್ಕೆ ಸೇರಿದ ಧಾರವಾಡ ಜಿಲ್ಲೆಯಲ್ಲಿತ್ತು. ಅದು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಾವೇರಿ ತಾಲೂಕಿನಲ್ಲಿ ವರದಾ ತುಂಗಭದ್ರೆಗಳು ಕೂಡುವ ಪುಣ್ಯಸ್ಥಳದಲ್ಲಿ ಗಳಗನಾಥವೆಂಬ ಗ್ರಾಮವಿದೆ. ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವು ಆ ಸಂಗಮದ ದಡದಲ್ಲಿ ಇಂದಿಗೂ ಗಂಭೀರವಾಗಿ ನಿಂತಿದೆ. ಈ ಗ್ರಾಮದ ಹೆಸರನ್ನೇ ವೆಂಕಟೇಶರಾಯರು ತಮ್ಮ ಕಾವ್ಯನಾಮವಾಗಿ ಧರಿಸಿದರು. ಕಾಲಕ್ರಮದಲ್ಲಿ ಸ್ವಂತ ಹೆಸರು ಮರೆಯಾಯಿತು. ಊರಿನ ಹೆಸರೇ ವ್ಯಕ್ತಿಯ ಹೆಸರಾಗಿ ನಿಂತಿತು.

ಅವರ ಬಾಲ್ಯದ ಕಾಲದಲ್ಲಿ ಉತ್ತರ ಕರ್ನಾಟಕದ ಭಾಷಾಸ್ಥಿತಿ ಹೇಗಿತ್ತೆಂಬುದನ್ನು ತಿಳಿಯದೆ ಅವರ ಸಾಧನೆಯ ಬೆಲೆ ತಿಳಿಯಲಾರದು. 1818ರಲ್ಲಿ ಪೇಶವೆಗಳ ಆಳ್ವಿಕೆ ಮುಗಿದು ಆಂಗ್ಲರ ಆಡಳಿತ ಬಂದಿತ್ತಾದರೂ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯ ಪ್ರಾಬಲ್ಯ ಬಹುಕಾಲ ಮುಂದುವರಿಯಿತು. ಮನೆಯಲ್ಲಿ ಕನ್ನಡವಾಡುವ ಮಕ್ಕಳು ಮರಾಠಿಯಲ್ಲಿ ಓದು ಕಲಿಯುತ್ತಿದ್ದರು. ಕನ್ನಡವು ಆಡುವುದಕ್ಕೆ ಸಾಕು, ಓದುವುದಕ್ಕೆ ಯೋಗ್ಯವಲ್ಲ ಎಂಬ ಭಾವನೆ ವಿದ್ಯಾವಂತರೆನಿಸಿಕೊಂಡವರಲ್ಲಿಯೇ ಬೇರೂರಿತ್ತು. ಡೆಪ್ಯುಟಿ ಚೆನ್ನಬಸಪ್ಪನವರಂಥ ಧೀಮಂತರು ಕನ್ನಡ ಶಾಲೆಗಳಿಗಾಗಿ ಅವಿಶ್ರಾಂತವಾಗಿ ದುಡಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಶಾಲೆಗಳಿಂದ ಅಕ್ಷರ ಬಲ್ಲವರು ಹೊರಬಂದರು. ಆದರೆ ಅಕ್ಷರ ಕಲಿತ ಕನ್ನಡಿಗನು ಶಾಲೆ ಬಿಟ್ಟ ಮೇಲೆ ಏನನ್ನು ಓದಬೇಕು? ಹಳಗನ್ನಡ ಕಾವ್ಯವನ್ನು ಗುರುಮುಖವಿಲ್ಲದೆ ಪ್ರವೇಶಿಸುವುದು ಕಷ್ಟ. ಪಠ್ಯಪುಸ್ತಕದಲ್ಲಿ ಮನಸ್ಸಿಗೆ ವಿಶ್ರಾಂತಿಯಿಲ್ಲ. ಹೀಗಾಗಿ ಕಥೆಯ ಹಸಿವು ಹುಟ್ಟಿದಾಗಲೆಲ್ಲ ಅವನ ಕೈ ಮರಾಠಿ ಪುಸ್ತಕದತ್ತಲೇ ಚಾಚುತ್ತಿತ್ತು. ಪುಣೆಯಲ್ಲಿ ಹರಿ ನಾರಾಯಣ ಆಪಟೆಯವರು 1890ರಲ್ಲಿ ಆರಂಭಿಸಿದ ಕರಮಣೂಕ ಪತ್ರಿಕೆಯೂ ಅವರ ಕಾದಂಬರಿಗಳೂ ಮರಾಠಿ ಬಲ್ಲ ಮನೆಗಳನ್ನು ಮುಗ್ಧಗೊಳಿಸುತ್ತಿದ್ದ ಕಾಲವದು.

ಕಾದಂಬರಿಯೆಂಬ ಹೆಸರಿನ ಹಿನ್ನೆಲೆಯೇ ರಮ್ಯವಾಗಿದೆ. ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯದ ನಾಯಿಕೆಯ ಹೆಸರು ಕಾದಂಬರಿ. ಆ ಕೃತಿಯನ್ನು ನಾಗವರ್ಮನು ಚಂಪೂರೂಪದಲ್ಲಿ ಕನ್ನಡಕ್ಕೆ ಇಳಿಸಿ ಕರ್ಣಾಟಕ ಕಾದಂಬರಿಯೆಂದು ಕರೆದನು. ಮುಂದೆ ಪಾಶ್ಚಾತ್ಯ ಮಾದರಿಯ ದೀರ್ಘ ಗದ್ಯಕಥೆ ಭಾರತೀಯ ಭಾಷೆಗಳಿಗೆ ಬಂದಾಗ ವಂಗಭಾಷೆಯವರು ಅದನ್ನು ಉಪನ್ಯಾಸವೆಂದರು. ಕನ್ನಡಿಗರೂ ಮಹಾರಾಷ್ಟ್ರೀಯರೂ ಬಾಣನ ನಾಯಿಕೆಯ ಹೆಸರನ್ನೇ ಆ ಪ್ರಕಾರಕ್ಕೆ ಇಟ್ಟರು. ಆ ಶಬ್ದಕ್ಕೆ ಮದ್ಯವೆಂಬ ಅರ್ಥವೂ ಉಂಟು. ಹಿರಿಯರಾದ ಸಂಪ್ರದಾಯಸ್ಥರು ಈ ಹೊಸ ಬಗೆಯ ಕಥೆಗಳನ್ನು ಸಂಶಯದಿಂದ ಕಂಡದ್ದೂ ಉಂಟು. ಕಾದಂಬರಿಯ ಚಟ ಹತ್ತಿದ ಹುಡುಗನು ಪಾಠವನ್ನು ಮರೆಯುವನು, ಹೆಣ್ಣುಮಕ್ಕಳ ಮನಸ್ಸು ಚಂಚಲವಾಗುವುದು ಎಂಬ ಆತಂಕ ಅವರದು. ಗಳಗನಾಥರ ಮುಂದಿದ್ದ ಕಾರ್ಯವು ಹೀಗೆ ಎರಡು ಬಗೆಯದಾಗಿತ್ತು. ಓದದವರಿಗೆ ಓದಿನ ಸುಖವನ್ನು ತೋರಿಸಬೇಕಾಗಿತ್ತು. ಆ ಸುಖವು ಕೇಡಿನದಲ್ಲವೆಂದು ಮನೆಯ ಯಜಮಾನರನ್ನು ಒಪ್ಪಿಸಬೇಕಾಗಿತ್ತು.

ಗಳಗನಾಥರು ವೃತ್ತಿಯಿಂದ ಕನ್ನಡ ಶಾಲೆಯ ಮಾಸ್ತರರು. ಧಾರವಾಡದಲ್ಲಿ ಶಿಕ್ಷಕ ಶಿಕ್ಷಣವನ್ನು ಪಡೆದು ಅವರು ಅಧ್ಯಾಪನಕ್ಕೆ ಇಳಿದರು. ಮಕ್ಕಳ ಮನಸ್ಸು ಕಥೆಗೆ ಹೇಗೆ ಅರಳುತ್ತದೆಂಬುದನ್ನು ನಿತ್ಯವೂ ಕಾಣುವ ವೃತ್ತಿಯದು. ನೀತಿಯನ್ನು ನೇರವಾಗಿ ಹೇಳಿದರೆ ಕಿವಿಗೆ ತಾಗುವುದು, ಕಥೆಯೊಳಗಿಟ್ಟು ಹೇಳಿದರೆ ಹೃದಯಕ್ಕೆ ತಾಗುವುದು ಎಂಬ ಅನುಭವ ಶಿಕ್ಷಕನಿಗೆ ಸಹಜವಾಗಿಯೇ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅವರು ಪ್ರಬುದ್ಧ ಪದ್ಮನಯನೆ ಎಂಬ ಕಾದಂಬರಿಯೊಡನೆ ಸಾಹಿತ್ಯಕ್ಷೇತ್ರವನ್ನು ಪ್ರವೇಶಿಸಿದರು. ಅತ್ತ ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ನ್ಯಾಯಾಂಗದ ಅಧಿಕಾರಿಯಾಗಿದ್ದುಕೊಂಡೇ ಸ್ವಪ್ರಯತ್ನದಿಂದ ವಂಗಭಾಷೆಯನ್ನು ಕಲಿತು, 1885ರಲ್ಲಿ ಬಂಕಿಮಚಂದ್ರರ ದುರ್ಗೇಶನಂದಿನಿಯನ್ನು ಕನ್ನಡಕ್ಕೆ ತಂದಿದ್ದರು. ಕರಾವಳಿಯಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ 1899ರಲ್ಲಿ ಹೊರಬಂದಿತು. ಬಾಗಲಕೋಟೆಯ ಕಡೆಯ ಕೆರೂರು ವಾಸುದೇವಾಚಾರ್ಯರ ಇಂದಿರೆ 1908ರಲ್ಲಿ ಪ್ರಕಟವಾಯಿತು. ನಾಡು ನಾಲ್ಕಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರೂ ಕಥಾಸಾಹಿತ್ಯದ ಮೊಳಕೆ ಎಲ್ಲ ಭಾಗಗಳಲ್ಲಿಯೂ ಏಕಕಾಲಕ್ಕೆ ಒಡೆಯುತ್ತಿತ್ತು.

1907ರಲ್ಲಿ ಹಾವೇರಿಗೆ ಸಮೀಪದ ಅಗಡಿಯ ಆನಂದವನದಿಂದ ಸದ್ಬೋಧ ಚಂದ್ರಿಕೆಯೆಂಬ ಮಾಸಪತ್ರಿಕೆ ಹೊರಟಿತು. ಶ್ರೀ ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ ನಡೆದ ಆ ಪತ್ರಿಕೆಯ ಸಂಪಾದಕತ್ವವು ಗಳಗನಾಥರ ಹೆಗಲಿಗೆ ಬಂದಿತು. ತಿಂಗಳು ತಿಂಗಳು ಬರುವ ಸಂಬಳದ ಆಸರೆಯನ್ನು ಬಿಟ್ಟು ಲೇಖನಿಯನ್ನೇ ನಂಬಿ ಬದುಕುವ ಸಾಹಸಕ್ಕೆ ಅವರು ಕೈಹಾಕಿದರು. ಕನ್ನಡದಲ್ಲಿ ಬರೆದು ಬದುಕುವವರು ವಿರಳವಾಗಿದ್ದ ಕಾಲದಲ್ಲಿ ಸಂಸಾರಸ್ಥನೊಬ್ಬನು ಇಂಥ ಹೆಜ್ಜೆಯಿಟ್ಟನೆಂಬುದು ಸಾಮಾನ್ಯ ಸಂಗತಿಯಲ್ಲ.

ಪತ್ರಿಕೆಯ ಹೆಸರು ಸದ್ಬೋಧವನ್ನು ಸಾರುತ್ತಿತ್ತು. ಭಕ್ತಿ, ನೀತಿ, ಧರ್ಮಗಳ ಲೇಖನಗಳಿಗೆ ಅಲ್ಲಿ ಪ್ರಧಾನ ಸ್ಥಾನ. ಅವುಗಳ ಜೊತೆಯಲ್ಲಿಯೇ ಗಳಗನಾಥರು ಕಾದಂಬರಿಯನ್ನು ಕಂತುಕಂತಾಗಿ ನೀಡತೊಡಗಿದರು. ಇದು ಅತ್ಯಂತ ವಿವೇಕದ ಯೋಜನೆಯಾಗಿತ್ತು. ಮನೆಯ ಹಿರಿಯರು ಧರ್ಮಲೇಖನಕ್ಕಾಗಿ ಚಂದಾ ಕೊಟ್ಟು ಪತ್ರಿಕೆಯನ್ನು ತರಿಸುವರು. ಕಿರಿಯರೂ ಹೆಂಗಸರೂ ಕಥೆಗಾಗಿ ಅದರ ದಾರಿ ಕಾಯುವರು. ಕಥೆಯು ರಮಣೀಯ ಘಟ್ಟದಲ್ಲಿ ನಿಂತುಬಿಟ್ಟರೆ ಮುಂದಿನ ಸಂಚಿಕೆಯವರೆಗೆ ಒಂದು ತಿಂಗಳ ನಿರೀಕ್ಷೆ. ನಾಯಕನು ಬದುಕಿದನೇ, ಸೆರೆಯಲ್ಲಿದ್ದ ಕನ್ಯೆಗೆ ಬಿಡುಗಡೆಯಾಯಿತೇ ಎಂಬ ಚರ್ಚೆಗೆ ಆ ತಿಂಗಳೆಲ್ಲ ಅವಕಾಶ. ಒಮ್ಮೆಗೇ ನುಂಗುವ ಊಟಕ್ಕಿಂತ ಹೀಗೆ ತುತ್ತುತುತ್ತಾಗಿ ಸವಿಯುವ ಊಟದಲ್ಲಿ ರುಚಿ ಹೆಚ್ಚೆಂಬುದನ್ನು ಕನ್ನಡಿಗರು ಮಾಸಪತ್ರಿಕೆಯ ಕಾದಂಬರಿಗಳಿಂದ ಕಲಿತರು.

ಆ ಕಾಲದ ಓದು ಇಂದಿನಂತೆ ಏಕಾಂತದ ಓದಾಗಿರಲಿಲ್ಲವೆಂಬುದನ್ನೂ ಗಮನಿಸಬೇಕು. ಜೈಮಿನಿಭಾರತವನ್ನೂ ಗದುಗಿನ ಭಾರತವನ್ನೂ ಒಬ್ಬರು ವಾಚಿಸಿ ಹತ್ತು ಜನ ಕೇಳುವ ರೂಢಿ ನಾಡಿನಲ್ಲಿ ಶತಮಾನಗಳಿಂದ ನಡೆದುಬಂದಿತ್ತು. ಗದ್ಯದ ಕಾದಂಬರಿಯೂ ಇದೇ ಹಾದಿಯಲ್ಲಿ ಸಂಚರಿಸಿತು. ಅಕ್ಷರ ಬಲ್ಲ ಒಬ್ಬನು ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಕುಳಿತು ಓದಿದರೆ, ಅಕ್ಷರವರಿಯದ ಹತ್ತಾರು ಮಂದಿ ಕಿವಿಗೊಟ್ಟು ಕೇಳುವರು. ಒಂದು ಪ್ರತಿಯು ಒಂದು ಓಣಿಗೆ ಸಾಕಾಗುತ್ತಿತ್ತು. ಕೊಂಡವನಿಂದ ಎರವಲು ಪಡೆದವನು ಇನ್ನೊಬ್ಬನಿಗೆ ದಾಟಿಸುವನು. ಪುಸ್ತಕವು ತನ್ನ ಒಡೆಯನ ಮನೆಗೆ ಮರಳುವ ಹೊತ್ತಿಗೆ ಅದರ ರಟ್ಟು ಸಡಿಲಿರುವುದು, ಹಾಳೆಗಳ ಅಂಚು ಮೆತ್ತಗಾಗಿರುವುದು. ಹೀಗೆ ನಲುಗಿದ ಪುಸ್ತಕವೇ ಧನ್ಯವಾದ ಪುಸ್ತಕ. ಕಥೆಯನ್ನು ಸ್ವತಃ ಓದಬೇಕೆಂಬ ಆಸೆಯಿಂದಲೇ ಅಕ್ಷರ ಕಲಿತವರಿದ್ದರೆಂದು ಹಿರಿಯರು ಹೇಳುತ್ತಿದ್ದುದು ನಾಡಿನಲ್ಲಿ ಪ್ರಚುರವಾಗಿದೆ.

ಆದರೂ ಅಚ್ಚಾದ ಪುಸ್ತಕಗಳು ತಾವಾಗಿಯೇ ಓದುಗನ ಮನೆಗೆ ನಡೆದು ಹೋಗಲಾರವು. ಪುಸ್ತಕದ ಅಂಗಡಿಗಳು ದೊಡ್ಡ ಪಟ್ಟಣಗಳಲ್ಲಿಯೇ ವಿರಳ. ಹಳ್ಳಿಗಳ ಮಾತಂತೂ ಬೇರೆಯೇ ಬೇಡ. ಈ ಕೊರತೆಯನ್ನು ಗಳಗನಾಥರು ತಮ್ಮ ಕಾಲುಗಳಿಂದ ತುಂಬಿದರು. ಪುಸ್ತಕಗಳ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ಅವರು ಊರಿಂದೂರಿಗೆ ಹೊರಟರು. ಗ್ರಂಥಕರ್ತನೇ ಮಾರಾಟಗಾರನೂ ಕೂಲಿಯೂ ಆದ ಈ ದೃಶ್ಯವು ಕನ್ನಡ ಸಾಹಿತ್ಯಚರಿತ್ರೆಯ ಅವಿಸ್ಮರಣೀಯ ಚಿತ್ರಗಳಲ್ಲೊಂದು. ತಾನು ಬರೆದುದನ್ನು ತಾನೇ ಹೊತ್ತು ಮಾರುವುದು ಮಾನಕ್ಕೆ ಕುಂದೆಂದು ಅವರು ಭಾವಿಸಲಿಲ್ಲ. ಹೊಲದ ಬೆಳೆಯನ್ನು ರೈತನು ಸಂತೆಗೆ ಹೊತ್ತೊಯ್ಯುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜವೆಂಬ ನಿಲುವು ಅವರ ಬಾಳಿನಿಂದಲೇ ಸ್ಪಷ್ಟವಾಗುತ್ತದೆ.

ಈ ಸಂಚಾರದ ಹಿರಿಮೆ ಮಾರಾಟದಲ್ಲಿ ಮಾತ್ರವಿಲ್ಲ. ಪುಸ್ತಕವನ್ನು ಕೈಯಲ್ಲಿ ಹಿಡಿದು ಮನೆಯ ಬಾಗಿಲಿಗೆ ಬಂದವನು ಅದರ ಗುಣವನ್ನು ಬಾಯಿಯಿಂದ ಹೇಳಲೇಬೇಕಾಗುತ್ತದೆ. ಯಾವ ಕಥೆ ಯಾರಿಗೆ ಹಿತ, ಯಾವ ವಯಸ್ಸಿನವರಿಗೆ ಯಾವುದು ತಕ್ಕದ್ದು ಎಂಬ ವಿವೇಕ ಅವನಿಗಿರಬೇಕಾಗುತ್ತದೆ. ವೈದ್ಯನು ರೋಗಿಯ ನಾಡಿಯನ್ನರಿತು ಔಷಧ ಕೊಡುವಂತೆ, ಓದುಗನ ಮನೋಧರ್ಮವನ್ನರಿತು ಪುಸ್ತಕವನ್ನು ಸೂಚಿಸುವುದೂ ಒಂದು ವಿದ್ಯೆ. ತನಗೆ ಸವಿಯೆನಿಸಿದುದನ್ನು ನೆರೆಯವನಿಗೂ ಉಣಿಸಬೇಕೆಂಬ ದಾಸೋಹಬುದ್ಧಿ ಅದರ ಮೂಲ. ಅನ್ನವನ್ನು ಹಂಚಿದರೆ ಹಂಚಿದವನ ಪಾಲು ಕಡಿಮೆಯಾಗಬಹುದು. ಓದಿನ ಸುಖವನ್ನು ಹಂಚಿದರೆ ಹಂಚಿದವನಿಗೂ ಅದು ಇಮ್ಮಡಿಯಾಗುತ್ತದೆ.

ಗಳಗನಾಥರು ಆರಿಸಿಕೊಂಡ ಕಥಾವಸ್ತುವಿನಲ್ಲಿಯೂ ಅವರ ಉದ್ದೇಶ ಎದ್ದುಕಾಣುತ್ತದೆ. ಕುಮುದಿನಿ, ರಾಣಿ ಮೃಣಾಲಿನಿ, ಕಮಲಕುಮಾರಿ, ಈಶ್ವರೀ ಸೂತ್ರ ಮುಂತಾದ ಹಲವಾರು ಕೃತಿಗಳನ್ನು ಅವರು ರಚಿಸಿದರೂ ಜನಮನದಲ್ಲಿ ಆಳವಾಗಿ ನಿಂತವು ವಿಜಯನಗರಕ್ಕೆ ಸಂಬಂಧಿಸಿದ ಎರಡು ಕಾದಂಬರಿಗಳು. ವಿದ್ಯಾರಣ್ಯರ ಕಾರುಣ್ಯದಿಂದ ಸಾಮ್ರಾಜ್ಯವು ಉದಯಿಸಿದ ಕಥೆ ಮಾಧವ ಕರುಣಾವಿಲಾಸದಲ್ಲಿದೆ. 1565ರ ರಕ್ಕಸತಂಗಡಿಯ ಯುದ್ಧದಲ್ಲಿ ಅದು ಕುಸಿದ ಕಥೆ ಕನ್ನಡಿಗರ ಕರ್ಮಕಥೆಯಲ್ಲಿದೆ. ಹುಟ್ಟು ಮತ್ತು ಅಳಿವು, ಎರಡನ್ನೂ ಒಂದೇ ಲೇಖನಿ ಚಿತ್ರಿಸಿದೆ.

ಇವುಗಳಲ್ಲಿ ಕನ್ನಡಿಗರ ಕರ್ಮಕಥೆಯು ಆಪಟೆಯವರ ವಜ್ರಾಘಾತವೆಂಬ ಮರಾಠಿ ಕಾದಂಬರಿಯ ಕನ್ನಡ ರೂಪ. ಇಲ್ಲಿ ಒಂದು ಸ್ವಾರಸ್ಯವುಂಟು. ಹಂಪೆಯ ಪತನದ ದುಃಖವನ್ನು ಮೊದಲು ಕಾದಂಬರಿಯಾಗಿ ಬರೆದವರು ಮಹಾರಾಷ್ಟ್ರದ ಲೇಖಕರು. ಅದು ತಮ್ಮದೇ ಮನೆಯ ದುಃಖವೆಂದು ಕನ್ನಡಿಗರಿಗೆ ನೆನಪಿಸಿದವರು ಗಳಗನಾಥರು. ಮೂಲದ ಹೆಸರು ಬಂದೆರಗಿದ ಸಿಡಿಲನ್ನು ಸೂಚಿಸಿದರೆ, ಗಳಗನಾಥರಿಟ್ಟ ಹೆಸರು ಆ ಸಿಡಿಲಿಗೆ ಕಾರಣವಾದ ಕರ್ಮವನ್ನು ಸೂಚಿಸುತ್ತದೆ. ರಾಮರಾಜನ ಖಾಸಗಿ ಬಾಳಿನ ತಪ್ಪು ಸಾಮ್ರಾಜ್ಯದ ಕೇಡಿಗೆ ಹೇಗೆ ಹೆಣೆದುಕೊಂಡಿತೆಂಬ ಕಲ್ಪನೆ ಆ ಕಥೆಯ ತಿರುಳು. ಇದು ಕಾದಂಬರಿಕಾರನ ಕಲ್ಪನೆಯೇ ಹೊರತು ಇತಿಹಾಸದ ನಿರ್ಣಯವಲ್ಲ. ಸಾಮ್ರಾಜ್ಯದ ಪತನಕ್ಕೆ ರಾಜಕೀಯ ಕಾರಣಗಳು ಅನೇಕವಿದ್ದವು. ವಿದ್ಯಾರ್ಥಿಗಳು ಇದನ್ನು ಓದುವಾಗ ಕಾವ್ಯಸತ್ಯವೇ ಬೇರೆ, ಇತಿಹಾಸದ ಸತ್ಯವೇ ಬೇರೆ ಎಂಬ ಎಚ್ಚರವನ್ನು ಕಾಯ್ದುಕೊಳ್ಳಬೇಕು. ಆದರೆ ತಮ್ಮ ಪೂರ್ವಿಕರಿಗೆ ಒಂದು ಸಾಮ್ರಾಜ್ಯವಿತ್ತೆಂಬ ಸಂಗತಿಯನ್ನೇ ಮರೆತಿದ್ದ ಜನತೆಗೆ ಆ ಕಣ್ಣೀರು ಒಂದು ಬಗೆಯ ಜಾಗೃತಿಯನ್ನು ತಂದಿತೆಂಬುದನ್ನು ಅಲ್ಲಗಳೆಯಲಾಗದು.

ರಾಬರ್ಟ್ ಸೀವೆಲ್ಲರು ವಿಜಯನಗರವನ್ನು ಕುರಿತು ಆಂಗ್ಲಭಾಷೆಯಲ್ಲಿ ಬರೆದ ಗ್ರಂಥವು 1900ರಲ್ಲಿ ಪ್ರಕಟವಾಗಿ ಪಂಡಿತವರ್ಗದ ಕಣ್ತೆರೆಸಿತು. ಆಲೂರು ವೆಂಕಟರಾಯರ ಕರ್ನಾಟಕ ಗತವೈಭವವು 1917ರಲ್ಲಿ ಹೊರಬಂದು ಕನ್ನಡ ಬಲ್ಲ ತರುಣರನ್ನು ಹುರಿದುಂಬಿಸಿತು. ಇತಿಹಾಸಗ್ರಂಥವು ತಲುಪಲಾರದ ಅಡುಗೆಮನೆಗೂ ಹೊಲದ ದಾರಿಗೂ ಅದೇ ಭಾವವನ್ನು ತಲುಪಿಸಿದ್ದು ಗಳಗನಾಥರ ಕಾದಂಬರಿ. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪೆಯಲ್ಲಿ ಜರುಗಿದಾಗ, ಆ ಹೆಸರನ್ನು ಕೇಳಿದೊಡನೆ ರೋಮಾಂಚಗೊಳ್ಳುವ ಸಾಮಾನ್ಯ ಜನರ ಒಂದು ಸಮೂಹ ಸಿದ್ಧವಾಗಿತ್ತು. ಆ ಸಿದ್ಧತೆಯಲ್ಲಿ ತಲೆಯ ಮೇಲಿನ ಪುಸ್ತಕದ ಹೊರೆಗೂ ಪಾಲುಂಟು.

ಗಳಗನಾಥರ ಕೃತಿಗಳಲ್ಲಿ ದೋಷಗಳಿಲ್ಲವೆಂದು ಸಾಧಿಸುವ ಅಗತ್ಯವಿಲ್ಲ. ಅವರ ಕಾದಂಬರಿಗಳಲ್ಲಿ ಹಲವು ಅನ್ಯಭಾಷೆಯ ಕೃತಿಗಳನ್ನು ಅವಲಂಬಿಸಿವೆ. ಕಥೆಯ ಓಟದ ನಡುವೆ ಮಾಸ್ತರರು ಬಂದು ನಿಂತು ನೀತಿಪಾಠವನ್ನು ಆರಂಭಿಸುವುದುಂಟು. ಒಳ್ಳೆಯವರು ಕೇವಲ ಒಳ್ಳೆಯವರು, ಕೆಟ್ಟವರು ಕೇವಲ ಕೆಟ್ಟವರು. ಆಕಸ್ಮಿಕಗಳು ಕೆಲವೆಡೆ ಮಿತಿಮೀರುತ್ತವೆ. ಸಂಸ್ಕೃತ ಸಮಾಸಗಳೂ ಮರಾಠಿಯ ಛಾಯೆಯೂ ವಾಕ್ಯಗಳಲ್ಲಿ ಕಾಣುತ್ತವೆ. ಮುಂದಿನ ತಲೆಮಾರಿನ ವಿಮರ್ಶಕರು ಇವನ್ನೆಲ್ಲ ಎತ್ತಿತೋರಿಸಿದ್ದಾರೆ. ಅದು ನ್ಯಾಯವೇ ಆಗಿದೆ. ಆದರೆ ಹಾದಿಯಿಲ್ಲದ ಕಾಡಿನಲ್ಲಿ ಮೊದಲು ನಡೆದವನ ಹೆಜ್ಜೆ ವಕ್ರವಾಯಿತೆಂದು ಹೇಳುವಾಗ, ತಾವು ನಡೆಯುತ್ತಿರುವ ಹಾದಿ ಆ ಹೆಜ್ಜೆಯಿಂದಲೇ ಮೂಡಿತೆಂಬುದನ್ನು ಮರೆಯಬಾರದು. ಭಾಷಾಂತರವೆಂಬ ಮಾತ್ರಕ್ಕೆ ಅವರ ಶ್ರಮ ಕಿರಿದಾಗುವುದಿಲ್ಲ. ಮರಾಠಿಯಲ್ಲಿಯೇ ಆ ಕಥೆಗಳನ್ನು ಓದುತ್ತಿದ್ದವರನ್ನು ಕನ್ನಡದ ಮನೆಗೆ ಮರಳಿ ಕರೆತರಲು ಆ ಕಥೆಗಳೇ ಕನ್ನಡವಾಡಬೇಕಾಗಿತ್ತು. ಪರಭಾಷೆಯ ಸಂಪತ್ತನ್ನು ತಂದು ತನ್ನ ಭಾಷೆಯ ಕಣಜವನ್ನು ತುಂಬಿದವನು ಸಾಲಗಾರನಲ್ಲ, ಉಪಕಾರಿ.

ಅವರ ಬರವಣಿಗೆಯಲ್ಲಿ ರಂಜನೆಯು ಬೋಧೆಯ ಕೈಬಿಡುವುದಿಲ್ಲ, ಬೋಧೆಯು ರಂಜನೆಯನ್ನು ಕೊಲ್ಲುವುದಿಲ್ಲ. ಕಾವ್ಯವು ಕಾಂತೆಯಂತೆ ನಯವಾಗಿ ಹಿತವನ್ನು ಹೇಳಬೇಕೆಂಬ ಲಾಕ್ಷಣಿಕರ ಆದರ್ಶವನ್ನು ಅವರು ಗದ್ಯಕಥೆಗೆ ಅನ್ವಯಿಸಿದರು. ಸಂಶಯಪಡುತ್ತಿದ್ದ ಹಿರಿಯರಿಗೆ ಅವರು ಕೊಟ್ಟ ಉತ್ತರ ಇದೇ. ಗಳಗನಾಥರ ಪುಸ್ತಕವೆಂದರೆ ತಂದೆ ಮಗಳಿಗೆ, ಅತ್ತೆ ಸೊಸೆಗೆ ಸಂಕೋಚವಿಲ್ಲದೆ ಕೊಡಬಹುದಾದ ಪುಸ್ತಕವೆಂಬ ನಂಬಿಕೆ ಬೆಳೆಯಿತು. ಆ ನಂಬಿಕೆಯಿಂದ ತೆರೆದ ಬಾಗಿಲಿನ ಮೂಲಕವೇ ಮುಂದೆ ಅನ್ಯ ಲೇಖಕರ, ಅನ್ಯ ಬಗೆಯ ಕಾದಂಬರಿಗಳೂ ಮನೆಯೊಳಗೆ ಬಂದವು.

ಅಗಡಿಯನ್ನು ಬಿಟ್ಟ ಮೇಲೆಯೂ ಅವರು ಕೈಕಟ್ಟಿ ಕುಳಿತವರಲ್ಲ. ಸದ್ಗುರುವೆಂಬ ಮಾಸಪತ್ರಿಕೆಯನ್ನು ತಾವೇ ನಡೆಸಿದರು. ಬರವಣಿಗೆ, ಮುದ್ರಣ, ಮಾರಾಟ, ಸಂಚಾರಗಳ ಚಕ್ರವು ಮತ್ತೆ ಮತ್ತೆ ತಿರುಗಿತು. ಇಷ್ಟು ದುಡಿದರೂ ಲಕ್ಷ್ಮಿ ಅವರಿಗೆ ಒಲಿಯಲಿಲ್ಲ. ಓದುಗರ ಪ್ರೀತಿ ಅಪಾರವಾಗಿತ್ತು. ಆದರೆ ಒಂದು ಪ್ರತಿಯನ್ನು ಓಣಿಯೇ ಓದುವ ನಾಡಿನಲ್ಲಿ ಪ್ರೀತಿಯು ಹಣವಾಗಿ ಬರುವುದು ಸುಲಭವಲ್ಲ. ಓದು ಹಬ್ಬಿದುದಕ್ಕೆ ಕಾರಣವಾದ ಎರವಲಿನ ರೂಢಿಯೇ ಬರೆದವನ ಬಡತನಕ್ಕೂ ಕಾರಣವಾಯಿತೆಂಬುದು ವಿಧಿಯ ವಿಚಿತ್ರ. ಹೀಗಿದ್ದರೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. 1942ರಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ, ಅವರು ದೈವಾಧೀನರಾದರು. ಕರ್ನಾಟಕದ ಏಕೀಕರಣವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಅದು ನೆರವೇರಿದ್ದು 1956ರಲ್ಲಿ. ಆದರೆ ನಕಾಶೆಯಲ್ಲಿ ನಾಡು ಒಂದಾಗುವ ಮೊದಲೇ ಒಂದೇ ಕಥೆಗೆ ಕಣ್ಣೀರಿಡುವ ಓದುಗರು ಬೇರೆ ಬೇರೆ ಸೀಮೆಗಳಲ್ಲಿ ಹುಟ್ಟಿಕೊಂಡಿದ್ದರು.

ಅವರು ಬಿತ್ತಿದ ಬೀಜ ಅವರ ಕಣ್ಣೆದುರಿನಲ್ಲಿಯೇ ಫಲಿಸತೊಡಗಿತ್ತು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಚಂದಾದಾರರನ್ನು ಕೂಡಿಸಿ, ಅವರ ಮನೆಗೆ ಪುಸ್ತಕ ಕಳುಹಿಸುವ ಕ್ರಮವನ್ನು ನಡೆಸಿದರು. ಪುಸ್ತಕಕ್ಕಾಗಿ ಮುಂಗಡ ಹಣ ಕೊಡುವ ಓದುಗರು ಆ ವೇಳೆಗೆ ನಾಡಿನಲ್ಲಿದ್ದರು. ಆ ಓದುಗರು ಆಕಾಶದಿಂದ ಇಳಿದವರಲ್ಲ. ತಲೆಹೊರೆಯ ಪುಸ್ತಕಗಳನ್ನು ಕೊಂಡವರ ಮತ್ತು ಕೇಳಿದವರ ಮಕ್ಕಳು ಅವರು. ಕನ್ನಡ ಕಾದಂಬರಿಯ ಪಿತಾಮಹರೆಂದು ಗಳಗನಾಥರನ್ನು ಜನರು ಗೌರವಿಸಿದ್ದು ಯೋಗ್ಯವೇ ಆಗಿದೆ. 2023ರ ಜನವರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ 86ನೆಯ ಅಧಿವೇಶನವು ಅವರು ಹುಟ್ಟಿದ ಹಾವೇರಿಯಲ್ಲಿಯೇ ಸೇರಿತು. ಒಂದು ಕಾಲದಲ್ಲಿ ಒಬ್ಬ ಮಾಸ್ತರರು ಪುಸ್ತಕದ ಗಂಟು ಹೊತ್ತು ಹೊರಟ ಊರಿನಲ್ಲಿ, ಪುಸ್ತಕಗಳನ್ನು ಅರಸಿ ಜನಸಾಗರವೇ ಬಂದು ಕೂಡಿತು.

ಇಂದು ಪುಸ್ತಕಗಳಿಗೆ ಬರವಿಲ್ಲ. ಶಾಲೆಯ ಗ್ರಂಥಾಲಯದ ಕಪಾಟುಗಳಲ್ಲಿ ಅವು ಸಾಲಾಗಿ ನಿಂತಿವೆ. ಆದರೆ ಕಪಾಟಿನ ಬೀಗ ತೆಗೆಯುವುದಕ್ಕಿಂತ ಮನಸ್ಸಿನ ಬೀಗ ತೆಗೆಯುವುದು ಕಠಿಣ. ಒಬ್ಬ ಗುರುವು ಇದನ್ನು ಓದು ಎಂದು ಪ್ರೀತಿಯಿಂದ ಕೈಗಿಟ್ಟ ಪುಸ್ತಕವು, ಒಬ್ಬ ಗೆಳೆಯನು ರಾತ್ರಿಯೆಲ್ಲ ಎದ್ದು ಓದಿ ಬೆಳಗ್ಗೆ ತಂದುಕೊಟ್ಟ ಪುಸ್ತಕವು, ಹುಡುಗನೊಬ್ಬನ ಬಾಳನ್ನು ತಿದ್ದಬಲ್ಲುದು. ವಿದ್ಯಾರ್ಥಿಗಳು ವರ್ಷಕ್ಕೆ ನಾಲ್ಕಾದರೂ ಒಳ್ಳೆಯ ಕಾದಂಬರಿಗಳನ್ನು ಅವಸರವಿಲ್ಲದೆ, ಮೆಚ್ಚಿದ ಪುಟವನ್ನು ಮರಳಿ ಓದುತ್ತ, ಸವಿದು ಮುಗಿಸಲಿ. ಮುಗಿಸಿದ ಮೇಲೆ ಪುಸ್ತಕವನ್ನು ಮುಚ್ಚಿಡದೆ ಇನ್ನೊಬ್ಬರ ಕೈಗೆ ದಾಟಿಸಲಿ. ಪುಸ್ತಕವೊಂದು ಕೈಯಿಂದ ಕೈಗೆ ದಾಟುವಾಗಲೆಲ್ಲ ಗಳಗನಾಥರ ತಲೆಯ ಹೊರೆಯ ಒಂದು ಪಾಲನ್ನು ಹೊತ್ತಂತಾಗುತ್ತದೆ. ಆ ಮಹನೀಯರಿಗೆ ಸಲ್ಲಬೇಕಾದ ಗೌರವವು ಅದೇ.